ಕಿಳ್ಳೇಕ್ಯಾತ, ಬಂಗಾರಕ್ಕನ ಮೇಲೆ ಇಡೀ ಸಿನಿಮಾ ನಿಲ್ಲುತ್ತದಾ?

ಪ್ರಶ್ನೆ: ನಾನು ಗಂಗಾವತಿಯವನು, ವಯಸ್ಸು 27. ಬೆಂಗಳೂರಿನಲ್ಲಿ ಟೂ-ಡಿ ಆನಿಮೇಷನ್ ಕಲಿತು, ಟಿವಿ ಕಾರ್ಟೂನ್ ಮಾಡುವ ಸ್ಟುಡಿಯೋದಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ತೊಗಲುಗೊಂಬೆ ಆಟದಲ್ಲಿ ನಗಿಸುವ ಗಂಡ-ಹೆಂಡತಿ ಜೋಡಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನನ್ನು ಇಟ್ಟುಕೊಂಡು 40 ಸೆಕೆಂಡಿನ ತುಣುಕೊಂದನ್ನು ಮಾಡಿ ವಾಟ್ಸಾಪ್‌ನಲ್ಲಿ ಹಾಕಿದೆ. ಕೊಪ್ಪಳ, ಸಿಂಧನೂರಿನ ತನಕ ಹರಿದಾಡಿತು. ಹಾಲಿವುಡ್ ಕಾರ್ಟೂನಿನ ಮಿನಿಯನ್ಸ್ ಥರ ಇವರಿಬ್ಬರನ್ನೇ ಹೀರೋ ಮಾಡಿ 90 ನಿಮಿಷದ ಸಿನಿಮಾ ಮಾಡಬೇಕು ಅಂತ ನಾನೂ ಇಬ್ಬರು ಗೆಳೆಯರೂ ನಿರ್ಧರಿಸಿದ್ದೇವೆ. ಅಪ್ಪ ಗದ್ದೆ ಅಡ ಇಟ್ಟು 8 ಲಕ್ಷ ಕೊಡಲು ಒಪ್ಪಿದ್ದಾರೆ. ಆದರೆ ಹಳೆಯ ಸೀನಿಯರ್ ಒಬ್ಬರು, "ಸೈಡ್ ಕ್ಯಾರೆಕ್ಟರ್ ಮೇಲೆ ಸಿನಿಮಾ ನಿಲ್ಲಲ್ಲ, ಪೆಂಗ್ವಿನ್‌ಗಳ ಸಿನಿಮಾ ಏನಾಯ್ತು ನೋಡು" ಅಂತಾರೆ. ಒಬ್ಬ ಗೆಳೆಯ, "ಜನಪದದ ಪಾತ್ರ, ಯಾರನ್ನೂ ಕೇಳಬೇಕಿಲ್ಲ" ಅಂತಾನೆ. ಇನ್ನೊಬ್ಬ, "ನಮ್ಮ ಕಡೆ ಮಾತು ಬೇಡ, ಬೆಂಗಳೂರಿನವರಿಗೆ ತಿಳಿಯಲ್ಲ" ಅಂತಾನೆ. ಇದರಲ್ಲಿ ಯಾವುದು ನಿಜ? ಮುಂದೆ ಹೋಗಲಾ, ಬೇಡವಾ?

ಉತ್ತರ: ನಿಮ್ಮ ತುಣುಕನ್ನು ನಾಲ್ಕು ಸಲ ನೋಡಿದೆ. ಬಂಗಾರಕ್ಕ ಮೊರ ಹಿಡಿದು ಬರುವ ಆ ನಡಿಗೆ ನಿಜಕ್ಕೂ ಚೆನ್ನಾಗಿದೆ. ನಾನು ಸಿರುಗುಪ್ಪದ ಕಡೆಯವನು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರು, ಹೈದರಾಬಾದ್‌ಗಳಲ್ಲಿ ಕಾರ್ಟೂನ್‌ಗಳಿಗೆ ಕಥೆ ಬರೆದಿದ್ದೇನೆ, ಸ್ಟೋರಿಬೋರ್ಡ್, ಅಂದರೆ ದೃಶ್ಯಗಳ ಕರಡು ಚಿತ್ರ, ಮಾಡಿದ್ದೇನೆ. ನಮ್ಮೂರ ಗೊಂಬೆಗಳು ಕಂಪ್ಯೂಟರ್ ಪರದೆಯ ಮೇಲೆ ಹೀಗೆ ಓಡಾಡುವುದನ್ನು ನೋಡಿ ತುಂಬಾ ಖುಷಿಯಾಯಿತು.

ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆಗಳು ಸೇರಿಕೊಂಡಿವೆ. ನಗಿಸುವ ಪಾತ್ರಗಳ ಮೇಲೆ ದೊಡ್ಡ ಕಥೆ ನಿಲ್ಲುತ್ತದಾ ಅನ್ನುವುದು ಒಂದು. ಅಪ್ಪನ ಗದ್ದೆ ಉಳಿಯುತ್ತದಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ನಿಲ್ಲುತ್ತದೆ. ಎರಡನೆಯದಕ್ಕೆ: ಗದ್ದೆ ಮುಟ್ಟಬೇಡಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಸೀನಿಯರ್ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಮಡಗಾಸ್ಕರ್ ಸಿನಿಮಾಗಳ ಪಕ್ಕದ ಪಾತ್ರಗಳಾಗಿದ್ದ ಪೆಂಗ್ವಿನ್‌ಗಳಿಗೆ 2014ರಲ್ಲಿ ಅವರದೇ ಸಿನಿಮಾ ಬಂತು. ಖರ್ಚು ಸುಮಾರು 13.2 ಕೋಟಿ ಡಾಲರ್, ಜಗತ್ತಿನಾದ್ಯಂತ ಗಳಿಕೆ ಸುಮಾರು 37 ಕೋಟಿ ಡಾಲರ್. ನೋಡಿದರೆ ಲಾಭ ಅನಿಸುತ್ತೆ, ಅಲ್ವಾ? ಆದರೂ ಸ್ಟುಡಿಯೋಗೆ ನಷ್ಟವೇ ಆಯಿತು. ಟಿಕೆಟ್ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರಿಗೆ ಹೋಗುತ್ತದೆ, ಪ್ರಚಾರದ ಖರ್ಚು ಬೇರೆ. ಮರುವರ್ಷವೇ, 2015ರಲ್ಲಿ, ಡೆಸ್ಪಿಕೆಬಲ್ ಮಿ ಸಿನಿಮಾಗಳ ಪಕ್ಕದ ಪಾತ್ರಗಳಾಗಿದ್ದ ಮಿನಿಯನ್‌ಗಳದೇ ಸಿನಿಮಾ, ಮಿನಿಯನ್ಸ್, ಬಂತು. ಖರ್ಚು 7.4 ಕೋಟಿ ಡಾಲರ್, ಗಳಿಕೆ ಸುಮಾರು 116 ಕೋಟಿ. ಶ್ರೆಕ್ ಸಿನಿಮಾಗಳ ಬೂಟು ಹಾಕಿದ ಬೆಕ್ಕು 2011ರಲ್ಲಿ ಒಬ್ಬನೇ ಬಂದು 55 ಕೋಟಿ ಡಾಲರ್ ತಂದ. ಪಕ್ಕದ ಪಾತ್ರದ ಸಿನಿಮಾ ಮುಳುಗುತ್ತದೆ ಅಂತ ನಿಯಮವೇನೂ ಇಲ್ಲ. ಗೆದ್ದೇ ಗೆಲ್ಲುತ್ತದೆ ಅನ್ನುವುದೂ ಇಲ್ಲ. ಪೆಂಗ್ವಿನ್‌ಗಳನ್ನು ಜನ ಇಷ್ಟಪಡಲಿಲ್ಲ ಅಂತಲೂ ಅಲ್ಲ. ಬಂದ ಆದಾಯಕ್ಕೆ ಆ ಖರ್ಚು ಜಾಸ್ತಿಯಾಯಿತು, ಅಷ್ಟೇ. ಇದನ್ನು ನೆನಪಿಡಿ, ಗದ್ದೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಕಥೆಯ ವಿಷಯ. ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ.

ಪಕ್ಕದ ಪಾತ್ರ ಯಾಕೆ ನಗಿಸುತ್ತದೆ? ಯಾಕೆಂದರೆ ಅವನು ಬೇರೆಯವರ ಕಥೆಯ ನಡುವೆ ಬಾಯಿ ಹಾಕುತ್ತಾನೆ. ಚಿಕ್ಕವನಿದ್ದಾಗ ನಮ್ಮೂರ ಜಾತ್ರೆಯಲ್ಲಿ ಗೊಂಬೆಯಾಟ ನೋಡಿದ್ದು ಇನ್ನೂ ಕಣ್ಣ ಮುಂದಿದೆ. ಗಣಪತಿ ಬಂದು ಹೋಗಿರುತ್ತಾನೆ. ರಾತ್ರಿ ಬಹಳ ಹೊತ್ತಾಗಿರುತ್ತದೆ. ಪರದೆಯ ಮೇಲೆ ಸೀತೆ ಅಳುತ್ತಿರುತ್ತಾಳೆ, ಹಾರ್ಮೋನಿಯಂ ಎಳೆಯುತ್ತಿರುತ್ತದೆ, ನಮ್ಮ ಕಣ್ಣೂ ಎಳೆಯುತ್ತಿರುತ್ತದೆ. ಆಗ ಮೂಲೆಯಿಂದ ಕ್ಯಾತ ದಬಕ್ಕನೆ ಜಿಗಿಯುತ್ತಾನೆ. ಮಲಗಿದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ರಾವಣ ಗಂಭೀರವಾಗಿ, "ಎಲೈ, ಲಂಕೆಯ ಕ್ಷೇಮವೇನು?" ಅಂತ ಕೇಳಿದರೆ ಕ್ಯಾತ, "ಲಂಕಾದ್ದು ಇರ್ಲಿ ಸ್ವಾಮಿ, ಕಾಲುವಿಗೆ ನೀರು ಯಾವಾಗ ಬಿಡ್ತೀರಿ, ಅದನ್ನ ಹೇಳ್ರಿ" ಅನ್ನುತ್ತಾನೆ. ಗದ್ದೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ನಗು ಹುಟ್ಟಿದ್ದು ಕ್ಯಾತನ ಒಬ್ಬನ ಮಾತಿನಿಂದಲ್ಲ. ಹಿಂದೆ ರಾವಣ ನಿಂತಿದ್ದ. ಪರದೆ ಪೂರಾ ತುಂಬಿ ನಿಂತಿದ್ದ. ನಮ್ಮ ತೊಗಲುಗೊಂಬೆಗಳಲ್ಲಿ ಪಾತ್ರದ ಅಂತಸ್ತಿನ ಮೇಲೆ ಗೊಂಬೆಯ ಅಳತೆ ಇರುತ್ತದೆ. ರಾಜರು, ದೇವರು ದೊಡ್ಡವರು. ಸಾಮಾನ್ಯ ಜನ, ಆಳುಕಾಳು ಸಣ್ಣವರು. ಸಣ್ಣವನು ದೊಡ್ಡವನಿಗೆ ಎದುರು ಮಾತಾಡುವುದೇ ಅಲ್ಲಿನ ಹಾಸ್ಯ. ಈಗ ನೀವು ರಾವಣನನ್ನು ತೆಗೆದು ಕ್ಯಾತನನ್ನು ಮಾತ್ರ ಪರದೆಯ ಮಧ್ಯೆ ನಿಲ್ಲಿಸಿದರೆ ಅವನು ಯಾರಿಗಿಂತ ಸಣ್ಣವನು? ಯಾರ ಮಾತಿನ ನಡುವೆ ಬಾಯಿ ಹಾಕುತ್ತಾನೆ? 40 ಸೆಕೆಂಡಿಗೆ ಈ ಪ್ರಶ್ನೆ ಏಳುವುದಿಲ್ಲ. 20ನೇ ನಿಮಿಷಕ್ಕೆ ಏಳುತ್ತದೆ.

ನನಗೆ ಇದು ಗೊತ್ತಾಗಿದ್ದು ಒಂದು ಸೋಲಿನಿಂದ. ಹಿಂದೆ ಒಂದು ಟಿವಿ ಸರಣಿಯಲ್ಲಿ ಕತ್ತೆಯೊಂದರ ಪಾತ್ರ ಬಹಳ ಹೆಸರಾಗಿತ್ತು. ಅದನ್ನೇ ನಾಯಕ ಮಾಡಿ 70 ನಿಮಿಷದ ಕಥೆ ಬರೆದೆವು. ನಾಯಕ ಆದ ಮೇಲೆ ಧೈರ್ಯ ಬೇಡವೇ ಅಂತ ಧೈರ್ಯ ಕೊಟ್ಟೆವು, ಬುದ್ಧಿ ಕೊಟ್ಟೆವು, ಕೊನೆಗೆ ಊರನ್ನು ಕಾಪಾಡುವ ಕೆಲಸವನ್ನೂ ಕೊಟ್ಟೆವು. ಶಾಲೆಯೊಂದರಲ್ಲಿ ಮಕ್ಕಳಿಗೆ ತೋರಿಸಿದಾಗ ಮೊದಲ ಕಾಲು ಗಂಟೆ ನಕ್ಕರು. ಆಮೇಲೆ ತಮ್ಮ ತಮ್ಮಲ್ಲಿ ಮಾತಾಡತೊಡಗಿದರು. ಆ ಗುಜುಗುಜು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮಕ್ಕಳು ಮೆಚ್ಚಿದ್ದ ಕತ್ತೆ ಅಲ್ಲಿ ಇರಲೇ ಇಲ್ಲ. ನಾವೇ ಅದನ್ನು ತೆಗೆದುಹಾಕಿದ್ದೆವು.

ಗೆದ್ದ ಸಿನಿಮಾಗಳು ಏನು ಮಾಡಿವೆ ನೋಡಿ. ಮಿನಿಯನ್‌ಗಳು ಕೆಟ್ಟ ಯಜಮಾನನಿಗೆ ಚಾಕರಿ ಮಾಡುವವರು. ಅವರ ಸಿನಿಮಾದಲ್ಲಿ ಅವರಿಗೆ ಯಜಮಾನನೇ ಇಲ್ಲ, ಅವನನ್ನು ಹುಡುಕಿಕೊಂಡು ಹೊರಡುತ್ತಾರೆ. ಶಾನ್ ಅನ್ನುವ ಕುರಿ 1995ರಲ್ಲಿ ಬೇರೆ ಪಾತ್ರಗಳ ಕಿರುಚಿತ್ರದಲ್ಲಿ ಪಕ್ಕದ ಪಾತ್ರವಾಗಿ ಬಂದದ್ದು. ಅದರ ದೊಡ್ಡ ಸಿನಿಮಾದಲ್ಲಿ ಕುರಿಗಳನ್ನು ಸಾಕುವ ರೈತ ಪಟ್ಟಣದಲ್ಲಿ ನೆನಪು ಕಳೆದುಕೊಳ್ಳುತ್ತಾನೆ, ಕುರಿಗಳು ಅವನನ್ನು ಮನೆಗೆ ಕರೆತರಲು ಹೋಗುತ್ತವೆ. ಎರಡರಲ್ಲೂ ಪಕ್ಕದವರು ಪಕ್ಕದವರಾಗಿಯೇ ಉಳಿದಿದ್ದಾರೆ. ಯಾರ ಪಕ್ಕ ನಿಲ್ಲುತ್ತಿದ್ದರೋ ಅವರು ಕಾಣೆಯಾಗಿದ್ದಾರೆ. ಅಲ್ಲಿಂದಲೇ ಕಥೆ ಹುಟ್ಟಿದೆ.

ಹಾಗಾದರೆ ನಿಮ್ಮ ಕಥೆ ಎಲ್ಲಿಂದ ಶುರುವಾಗಬಹುದು? ನನಗೆ ಹೊಳೆದದ್ದನ್ನು ಹೇಳುತ್ತೇನೆ, ಬೇಕಾದರೆ ತಗೊಳ್ಳಿ. ಆಟ ಶುರುವಾಗುವ ಹೊತ್ತು. ಜನ ಕೂತಿದ್ದಾರೆ, ದೀಪ ಹಚ್ಚಿದೆ. ಪೆಟ್ಟಿಗೆ ತೆಗೆದರೆ ರಾಮನ ಗೊಂಬೆ ಇಲ್ಲ. ಪರದೆಯ ಮುಂದೆ ಕ್ಯಾತ, ಬಂಗಾರಕ್ಕ ಇಬ್ಬರೇ. ಬೆಳಗಾಗುವ ತನಕ ಜನರನ್ನು ಎಬ್ಬಿಸಿ ಕೂರಿಸಬೇಕು, ಜೊತೆಗೆ ರಾಮನನ್ನೂ ಹುಡುಕಬೇಕು. ಇಲ್ಲಿ ಕ್ಯಾತನಿಗೆ ಧೈರ್ಯ ಬರಬೇಕಿಲ್ಲ. ಹೆದರುತ್ತಲೇ, ಸುಳ್ಳು ಹೇಳುತ್ತಲೇ, ತಿನ್ನಲು ಏನಾದರೂ ಸಿಗುತ್ತದಾ ಅಂತ ನೋಡುತ್ತಲೇ ಹುಡುಕಲಿ. ದೊಡ್ಡ ಗೊಂಬೆಗಳನ್ನು ಪೂರ್ತಿ ಬಿಡಬೇಡಿ. ರಾವಣನ ಒಂದು ಪಾದ ಪರದೆಯ ಅರ್ಧ ತುಂಬಿದ್ದರೂ ಸಾಕು, ಕ್ಯಾತ ಮತ್ತೆ ಸಣ್ಣವನಾಗುತ್ತಾನೆ.

ಬಂಗಾರಕ್ಕನ ಬಗ್ಗೆ ಒಂದು ಮಾತು. ನಿಮ್ಮ ತುಣುಕಿನಲ್ಲಿ ಅವಳು ಗಂಡನಿಗೆ ಬೈಯುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಮಿನಿಯನ್‌ಗಳ ಗುಂಪಿನಲ್ಲಿ ಎಲ್ಲರೂ ಒಂದೇ ಥರ. ಅವರದೇ ಸಿನಿಮಾ ಮಾಡುವಾಗ ಗುಂಪಿನಿಂದ ಮೂವರನ್ನು ಆರಿಸಿ ಒಬ್ಬೊಬ್ಬನಿಗೆ ಒಂದೊಂದು ಸ್ವಭಾವ ಕೊಟ್ಟರು. ಒಬ್ಬನಿಗೆ ಎಲ್ಲರನ್ನೂ ಕಾಪಾಡುವ ಚಿಂತೆ, ಒಬ್ಬನಿಗೆ ಗಿಟಾರ್, ಇನ್ನೊಬ್ಬನಿಗೆ ಕರಡಿ ಗೊಂಬೆ ಬಿಟ್ಟಿರಲು ಆಗಲ್ಲ. ಬಂಗಾರಕ್ಕನಿಗೆ ಏನು ಬೇಕು? ಅದನ್ನು ಒಂದು ಸಾಲಿನಲ್ಲಿ ಬರೆಯಲು ಬರದಿದ್ದರೆ ಇನ್ನೂ ಚಿತ್ರ ಬಿಡಿಸಲು ಕೂರಬೇಡಿ.

ಇನ್ನು ಅಪ್ಪಣೆಯ ಮಾತು. ನಿಮ್ಮ ಗೆಳೆಯ ಹೇಳಿದ್ದು ಕಾನೂನಿನ ಮಟ್ಟಿಗೆ ಬಹುಪಾಲು ಸರಿ. ತಲೆತಲಾಂತರದಿಂದ ಬಂದ ಜನಪದ ಪಾತ್ರಕ್ಕೆ ಒಬ್ಬರ ಕಾಪಿರೈಟ್ ಇರುವುದಿಲ್ಲ. ಆದರೆ ಈಗಿನ ಕಲಾವಿದರೊಬ್ಬರು ತಾವೇ ಬಿಡಿಸಿ, ಕೊರೆದು, ಬಣ್ಣ ಹಾಕಿದ ಗೊಂಬೆಯ ಚಿತ್ರ ಅವರದು. ಭಾರತದ ಕಾನೂನಿನಲ್ಲಿ ಕಲಾಕೃತಿಯ ಹಕ್ಕು ಕಲಾವಿದರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಅವರ ಗೊಂಬೆಯ ಫೋಟೋ ತೆಗೆದು ಅದರ ಮೇಲೆಯೇ ಗೆರೆ ಎಳೆದು ಬಳಸಿದರೆ ತಪ್ಪಾಗುತ್ತದೆ. ನಿಮ್ಮ ಗೊಂಬೆಯನ್ನು ನೀವೇ ಬಿಡಿಸಿ.

ಕಾನೂನಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಕಿಳ್ಳೇಕ್ಯಾತ ಅನ್ನುವುದು ಬರೀ ಪಾತ್ರದ ಹೆಸರಲ್ಲ. ಈ ಆಟ ಆಡಿಸಿಕೊಂಡು ಬಂದ ಸಮುದಾಯದ ಹೆಸರೂ ಹೌದು, ಶಿಳ್ಳೇಕ್ಯಾತ ಅಂತಲೂ ಅನ್ನುತ್ತಾರೆ. ಆ ಹೆಸರನ್ನು ಪೋಸ್ಟರ್ ಮೇಲೆ ಹಾಕಿ, ಕೆಳಗೆ ಹಲ್ಲು ಕಿಸಿದ ಮುಖ ಹಾಕಿದರೆ ಒಂದು ಸಮುದಾಯವನ್ನೇ ಗೇಲಿ ಮಾಡಿದ ಹಾಗೆ ಆಗಬಹುದು. ನಿಮಗೆ ಆ ಉದ್ದೇಶ ಇಲ್ಲ ಅಂತ ನನಗೆ ಗೊತ್ತು. ನೋಡುವವರಿಗೆ ಗೊತ್ತಾಗಬೇಕಲ್ಲ. ನಿಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಈ ಗೊಂಬೆಗಳಿಗಾಗಿಯೇ. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತೊಗಲುಗೊಂಬೆಯಲ್ಲಿ ತಂದರು. ಹೊಸದನ್ನು ಮಾಡುವುದಕ್ಕೆ ಈ ಕಲೆಯಲ್ಲಿ ಜಾಗ ಇದೆ ಅಂತ ಅವರೇ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಹಿರಿಯ ಕಲಾವಿದರ ಹತ್ತಿರ ಹೋಗಿ, ಕಥೆ ಹೇಳಿ, ಹೆಸರು ಯಾವುದು ಇಡಬೇಕು ಅಂತ ಅವರನ್ನೇ ಕೇಳಿ. ಅವರ ಹಾಡು, ದನಿ ಬಳಸಿದರೆ ದುಡ್ಡು ಕೊಡಿ. ಎಷ್ಟು, ಯಾವುದಕ್ಕೆ ಅಂತ ಕಾಗದದ ಮೇಲೆ ಬರೆದುಕೊಡಿ, ಹೆಸರನ್ನೂ ಹಾಕಿ.

ಹಳೆಯ ಆಟದ ಕೆಲವು ನಗೆಗಳು ಇವತ್ತಿನ ಮಕ್ಕಳ ಸಿನಿಮಾಕ್ಕೆ ಬೇಡ. ದೊಡ್ಡವರಿಗೆ ಅಂತಲೇ ಇದ್ದ ಪೋಲಿ ಮಾತು ಬಹಳ ಇದೆ. ಅದನ್ನು ಬಿಟ್ಟರೂ ಕ್ಯಾತ ಬಡವಾಗುವುದಿಲ್ಲ. ಆದರೆ ನಿಮ್ಮ ತುಣುಕಿನಲ್ಲಿ ಅವನ ಕಪ್ಪು ಬಣ್ಣದ ಮೇಲೆ ಒಂದು ಜೋಕ್ ಇದೆ. ಅದನ್ನು ತೆಗೆಯಲೇಬೇಕು. ಬಣ್ಣ, ತುಟಿ, ಹೊಟ್ಟೆ ನೋಡಿ ನಗುವುದನ್ನು ಮಕ್ಕಳು ಮರುದಿನವೇ ಶಾಲೆಗೆ ತಗೊಂಡು ಹೋಗುತ್ತಾರೆ. ಕ್ಯಾತನ ಶಕ್ತಿ ಇರುವುದು ಅವನ ನಾಲಿಗೆಯಲ್ಲಿ. ಥಿಯೇಟರಿಗೆ ಬಿಡುವುದಾದರೆ ಸೆನ್ಸಾರ್ ಪತ್ರವೂ ಬೇಕು. ಎಲ್ಲರೂ ನೋಡಬಹುದಾದದ್ದಕ್ಕೆ ಯು, ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕಾದದ್ದಕ್ಕೆ ಯುಎ. ಈಗ ಯುಎ ಒಳಗೇ ವಯಸ್ಸಿನ ಮೇಲೆ 7+, 13+, 16+ ಅಂತ ಮೂರು ಭಾಗ ಇದೆ. ನೀವು ಯು ಅಥವಾ 7+ ಗುರಿ ಇಟ್ಟುಕೊಂಡು ಬರೆಯಿರಿ.

ಭಾಷೆಯ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ನಮ್ಮ ಕಡೆ ಮಾತೇ ಇರಲಿ. ಗೊಂಬೆಯಾಟದಲ್ಲಿ ರಾಮ ಪುಸ್ತಕದ ಕನ್ನಡ ಆಡುತ್ತಾನೆ, ಕ್ಯಾತ ಊರ ಕನ್ನಡ ಆಡುತ್ತಾನೆ. ಇಬ್ಬರಿಗೂ ಒಂದೇ ಭಾಷೆ ಕೊಟ್ಟರೆ ಕ್ಯಾತ ಸತ್ತ ಹಾಗೆ. ಮಿನಿಯನ್‌ಗಳ ಮಾತು ಯಾರಿಗೆ ಪೂರ್ತಿ ತಿಳಿಯುತ್ತದೆ ಹೇಳಿ? ಅದು ಹತ್ತಾರು ಭಾಷೆಗಳ ಚೂರು ಸೇರಿಸಿದ್ದು. ಅವರಿಗೆ ದನಿ ಕೊಟ್ಟ ನಿರ್ದೇಶಕ ಪಿಯೆರ್ ಕಾಫಿನ್ ಅವರ ತಾಯಿ ಇಂಡೋನೇಷ್ಯಾದ ಕಾದಂಬರಿಗಾರ್ತಿ. ಆ ಮಾತಿನ ನಡುವೆ "ತೆರಿಮಾ ಕಾಸಿ" ಅಂತ ಇಂಡೋನೇಷ್ಯಾ ಭಾಷೆಯ ಧನ್ಯವಾದವೂ ಬರುತ್ತದೆ. ಶಾನ್ ಕುರಿಯ ಸಿನಿಮಾದಲ್ಲಂತೂ ಮಾತೇ ಇಲ್ಲ. ಮೈ ಅಲ್ಲಾಡುವ ರೀತಿ ಸರಿ ಇದ್ದರೆ ಮಾತು ಹಿಂದಿನಿಂದ ಬರುತ್ತದೆ. ನಮ್ಮ ಕಡೆ ಮಾತಿನಲ್ಲಿ ತೆಲುಗು ಇದೆ, ಉರ್ದು ಇದೆ. ಗಂಗಾವತಿ ಸಂತೆಯಲ್ಲಿ ಒಂದು ಗಂಟೆ ನಿಂತು ಕೇಳಿ, ಬರೆದುಕೊಳ್ಳಿ. ಪರೀಕ್ಷೆಯೂ ಸುಲಭ. ದನಿ ಮುಚ್ಚಿ ನಿಮ್ಮ ತುಣುಕನ್ನು ಮೈಸೂರು ಕಡೆಯ ಒಂದು ಮಗುವಿಗೆ ತೋರಿಸಿ. ನಕ್ಕರೆ ಭಾಷೆಯ ಚಿಂತೆ ಬಿಟ್ಟುಬಿಡಿ.

ಈಗ ಗದ್ದೆ.

90 ನಿಮಿಷ ಅಂದರೆ 5,400 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೆ ಒಂದು ಬರುವ ಚೌಕಟ್ಟು), ಒಟ್ಟು 1,29,600 ಫ್ರೇಮ್. ಒಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೂ 64,800 ಭಂಗಿಗಳು. ಕಟ್-ಔಟ್ ವಿಧಾನದಲ್ಲಿ, ಅಂದರೆ ಕೈಕಾಲು ಬೇರೆ ಬೇರೆ ಮಾಡಿ ಕೀಲು ಜೋಡಿಸಿದ ಗೊಂಬೆಯಲ್ಲಿ, ನಟನೆ ಚೆನ್ನಾಗಿ ಬರಬೇಕಾದರೆ ಒಬ್ಬರು ದಿನಕ್ಕೆ 6 ಸೆಕೆಂಡ್ ಮಾಡುತ್ತಾರೆ ಅನ್ನುವುದು ನನ್ನ ಅನುಭವದ ಲೆಕ್ಕ. ಮೂವರು ಸೇರಿ 18 ಸೆಕೆಂಡ್. 300 ಕೆಲಸದ ದಿನ ಬೇಕು, ಆನಿಮೇಷನ್‌ಗೆ ಮಾತ್ರ. ಕಥೆ, ಸ್ಟೋರಿಬೋರ್ಡ್, ಹಿನ್ನೆಲೆ ಚಿತ್ರ, ದನಿ, ಸಂಗೀತ, ಎಡಿಟಿಂಗ್, ತಿದ್ದುಪಡಿ ಸೇರಿದರೆ ಎರಡೂವರೆ ವರ್ಷ ಅಂದುಕೊಳ್ಳಿ. 8 ಲಕ್ಷವನ್ನು ಮೂವರಿಗೆ 30 ತಿಂಗಳಿಗೆ ಹಂಚಿದರೆ ಒಬ್ಬರಿಗೆ ತಿಂಗಳಿಗೆ 9 ಸಾವಿರವೂ ಬರುವುದಿಲ್ಲ. ಸಂಗೀತಕ್ಕೆ, ಕಲಾವಿದರಿಗೆ, ಕಂಪ್ಯೂಟರಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ನಡುವೆ ಒಬ್ಬ ಗೆಳೆಯ ಮದುವೆ ಅಂತ, ಕೆಲಸ ಸಿಕ್ಕಿತು ಅಂತ ಹೋದರೆ ಅಲ್ಲಿಗೇ ನಿಲ್ಲುತ್ತದೆ. ಹೀಗೆ ಅರ್ಧಕ್ಕೆ ನಿಂತ ಸಿನಿಮಾಗಳನ್ನು ನಾನು ತುಂಬಾ ನೋಡಿದ್ದೇನೆ. ಅರ್ಧ ಸಿನಿಮಾವನ್ನು ಯಾರೂ ಕೊಳ್ಳುವುದಿಲ್ಲ. ಬಡ್ಡಿ ಮಾತ್ರ ಪೂರ್ತಿ ಓಡುತ್ತದೆ.

ಹಾಗಾಗಿ ನನ್ನ ಸಲಹೆ ಏಳು ನಿಮಿಷದ ಒಂದು ಕಿರುಚಿತ್ರ. 420 ಸೆಕೆಂಡ್, ಮೂವರಿಗೆ 24 ದಿನದ ಆನಿಮೇಷನ್. ಕಥೆಗೆ ಒಂದೂವರೆ ತಿಂಗಳು, ದನಿ ಸಂಗೀತಕ್ಕೆ ಒಂದು ತಿಂಗಳು ಇಟ್ಟರೂ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಕೆಲಸ ಮಾಡಿಕೊಂಡೇ ಮಾಡಬಹುದು. ಐಸ್ ಏಜ್ ಸಿನಿಮಾಗಳಲ್ಲಿ ಕಾಯಿಯ ಹಿಂದೆ ಓಡುವ ಅಳಿಲು ಇದೆಯಲ್ಲ, ಸ್ಕ್ರ್ಯಾಟ್, ಜಗತ್ತಿಗೇ ಗೊತ್ತು. ಅವನಿಗೆ ದೊಡ್ಡ ಸಿನಿಮಾ ಕೊಡಲೇ ಇಲ್ಲ, ಕಿರುಚಿತ್ರಗಳಲ್ಲೇ ಇಟ್ಟರು. ಅದರಿಂದ ಅವನ ಮರ್ಯಾದೆ ಏನೂ ಕಡಿಮೆಯಾಗಲಿಲ್ಲ.

ಎರಡೆರಡು ನಿಮಿಷದ ಕಂತುಗಳನ್ನು ಯೂಟ್ಯೂಬ್‌ನಲ್ಲಿ ಹಾಕುವ ದಾರಿಯೂ ಇದೆ. ಜನ ಬೇಗ ಸಿಗುತ್ತಾರೆ. ಅಪಾಯ ಏನೆಂದರೆ ವಾರ ವಾರ ಹಾಕುವ ಒತ್ತಡದಲ್ಲಿ ಬರೀ ಜೋಕ್ ಮಾಡುವುದು ರೂಢಿಯಾಗುತ್ತದೆ, ಕಥೆ ಕಟ್ಟುವುದು ಬರುವುದೇ ಇಲ್ಲ.

ಮೂರನೆಯದು, ಯಾವುದಾದರೂ ಸ್ಟುಡಿಯೋಗೆ ತೋರಿಸುವುದು. ತೋರಿಸಿ, ಆದರೆ ಏಳು ನಿಮಿಷ ಕೈಯಲ್ಲಿಟ್ಟುಕೊಂಡು ತೋರಿಸಿ. ಸಹಿ ಹಾಕುವ ಮೊದಲು ಹಕ್ಕು ಎಷ್ಟು ವರ್ಷಕ್ಕೆ, ಯಾವ ಯಾವ ಮಾಧ್ಯಮಕ್ಕೆ ಅಂತ ಸ್ಪಷ್ಟವಾಗಿ ಬರೆಸಿ. ಕಾಪಿರೈಟ್ ಕಾಯ್ದೆ ಪ್ರಕಾರ ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಹಿಡಿಯುತ್ತಾರೆ. ಆದರೆ "ಶಾಶ್ವತವಾಗಿ" ಅಂತ ಬರೆದದ್ದಕ್ಕೆ ಸಹಿ ಹಾಕಿಬಿಟ್ಟರೆ ಆ ರಕ್ಷಣೆ ಸಿಗುವುದಿಲ್ಲ. ಇನ್ನೊಂದು ವಿಷಯ. ಕ್ಯಾತನ ಮೊದಲ ಸ್ಕೆಚ್‌ಗಳನ್ನು ಹಳೆಯ ಕೆಲಸದಲ್ಲಿದ್ದಾಗ ಬಿಡಿಸಿದ್ದಿರಾ? ಹಾಗಿದ್ದರೆ ನೇಮಕಾತಿ ಪತ್ರ ತೆಗೆದು ಓದಿ. ನೌಕರಿಯ ಭಾಗವಾಗಿ ಮಾಡಿದ ಕೆಲಸದ ಹಕ್ಕು ಸಾಮಾನ್ಯವಾಗಿ ಮಾಲೀಕರದು. ಅನುಮಾನ ಇದ್ದರೆ ಆ ಚಿತ್ರಗಳನ್ನು ಪಕ್ಕಕ್ಕಿಟ್ಟು ಹೊಸದಾಗಿ ಬಿಡಿಸಿ. ವಕೀಲರಿಗೆ ಒಮ್ಮೆ ತೋರಿಸುವ ಫೀಸು ದಂಡ ಅಲ್ಲ.

ನೀವು ದೊಡ್ಡ ಸಿನಿಮಾ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಲೊಟ್ಟೆ ರೈನಿಗರ್ ಎಂಬ ಜರ್ಮನ್ ಕಲಾವಿದೆ ರಟ್ಟು ಕತ್ತರಿಸಿ, ತಂತಿಯಿಂದ ಕೀಲು ಜೋಡಿಸಿ, ನೆರಳು ಚಿತ್ರಗಳದ್ದೇ ಒಂದು ಪೂರ್ಣ ಸಿನಿಮಾ ಮಾಡಿದರು. ಬಿಡುಗಡೆಯಾದದ್ದು 1926ರಲ್ಲಿ. ಜೊತೆಗೆ ಇದ್ದವರು ಕೆಲವೇ ಜನ, ಹಿಡಿದದ್ದು ಮೂರು ವರ್ಷ. ಹಣ ಹಾಕುವವರು ಬೇರೆ ಇದ್ದರು, ಮನೆ ಅಡ ಇಡಲಿಲ್ಲ. ಏಳು ನಿಮಿಷ ಚೆನ್ನಾಗಿ ಬಂದರೆ ನಿಮಗೂ ಅಂಥವರು ಸಿಗಬಹುದು. ಸಿಗದಿದ್ದರೂ ಹೋದದ್ದು ನಾಲ್ಕು ತಿಂಗಳು, ಗದ್ದೆ ಅಪ್ಪನ ಹೆಸರಿನಲ್ಲೇ ಇರುತ್ತದೆ.

ಕೊನೆಗೆ ತುಣುಕಿನ ಬಗ್ಗೆ ಒಂದು ತಿದ್ದುಪಡಿ. ಕ್ಯಾತನ ಕೈ ಬಹಳ ನುಣುಪಾಗಿ ತಿರುಗುತ್ತಿದೆ, ನಡುವಿನ ಭಂಗಿಗಳನ್ನು ಸಾಫ್ಟ್‌ವೇರ್ ತಾನೇ ತುಂಬಿದ ಹಾಗೆ ಕಾಣುತ್ತದೆ. ತೊಗಲುಗೊಂಬೆ ಹಾಗೆ ತಿರುಗುವುದಿಲ್ಲ. ಕಡ್ಡಿ ಎಳೆದಾಗ ಕೈ ಥಟ್ಟನೆ ಏಳುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ನಡುವಿನ ಭಂಗಿಗಳನ್ನು ಅರ್ಧ ತೆಗೆಯಿರಿ. ಏಳುವುದಕ್ಕೆ ಎರಡೇ ಭಂಗಿ ಸಾಕು, ನಿಲ್ಲುವುದಕ್ಕೆ ಹನ್ನೆರಡು ಫ್ರೇಮ್ ಕೊಡಿ. ಬಂಗಾರಕ್ಕನ ನಡಿಗೆಯನ್ನು ಮಾತ್ರ ಮುಟ್ಟಬೇಡಿ, ಅದು ಸರಿಯಾಗಿದೆ.